ಫ್ಯಾಂಟಸಿ ಫುಟ್‌ಬಾಲ್ ಡ್ರಾಫ್ಟ್‌ನಲ್ಲಿ ವೈಡ್ ರಿಸೀವರ್‌ಗೆ ಬೆಲೆ ಕಟ್ಟುವುದು ಹೇಗೆ?

ಆಗಸ್ಟ್ ಕೊನೆ ಬಂತೆಂದರೆ ಅಮೆರಿಕದ ಆಫೀಸುಗಳಲ್ಲಿ ಫ್ಯಾಂಟಸಿ ಫುಟ್‌ಬಾಲ್ ಗದ್ದಲ ಶುರು. ಎನ್‌ಎಫ್‌ಎಲ್, ಅಂದರೆ ಅಮೆರಿಕನ್ ಫುಟ್‌ಬಾಲ್ ಲೀಗ್‌ನ ನಿಜವಾದ ಆಟಗಾರರನ್ನು ಸರದಿಯಲ್ಲಿ ಆರಿಸಿ (ಇದೇ ಡ್ರಾಫ್ಟ್) ನಿಮ್ಮದೊಂದು ತಂಡ ಕಟ್ಟುವ ಆಟ ಇದು; ಅವರು ಮೈದಾನದಲ್ಲಿ ಮಾಡಿದ್ದಕ್ಕೆ ನಿಮಗೆ ಅಂಕ. ನ್ಯೂಜೆರ್ಸಿ, ಡಲ್ಲಾಸ್, ಬೇ ಏರಿಯಾದಲ್ಲಿರುವ ನಮ್ಮವರನ್ನು ಟೀಮಿನವರು ಲೀಗ್‌ಗೆ ಎಳೆದುಕೊಳ್ಳುತ್ತಾರೆ. ಬೆಂಗಳೂರಲ್ಲಿ ಕೂತು ಅಲ್ಲಿನವರ ಜೊತೆ ಕೆಲಸ ಮಾಡುವವರಿಗೂ ಒಂದು ಲಿಂಕ್ ಬರುತ್ತದೆ. ಸೇರಿಕೊಂಡ ಮೇಲೆ ಗೊತ್ತಾಗುತ್ತದೆ, ಡ್ರಾಫ್ಟ್‌ನಲ್ಲಿ ಯಾರನ್ನು ಯಾವಾಗ ತೆಗೆದುಕೊಳ್ಳಬೇಕು ಅನ್ನುವುದೇ ಅರ್ಧ ಆಟ ಎಂದು.

ನಮ್ಮ ಕ್ರಿಕೆಟ್ ಫ್ಯಾಂಟಸಿ ಆಪ್‌ಗಳಲ್ಲಿ ಒಂದೇ ಪಂದ್ಯಕ್ಕೆ ಹತ್ತು ಸಾವಿರ ಜನರೂ ಕೊಹ್ಲಿಯನ್ನು ಹಾಕಿಕೊಳ್ಳಬಹುದು. ಇಲ್ಲಿ ಹಾಗಿಲ್ಲ. ಲೀಗ್‌ನಲ್ಲಿ ಒಬ್ಬ ಆಟಗಾರ ಒಬ್ಬರಿಗೆ ಮಾತ್ರ, ಅದೂ ಸೀಸನ್ ಪೂರ್ತಿ. ಐಪಿಎಲ್ ಹರಾಜಿನ ಹಾಗೆ. ಹಾಗಾಗಿ ‘ಈ ರಿಸೀವರ್ ಚೆನ್ನಾಗಿ ಆಡ್ತಾನಾ?’ ಎಂದು ಕೇಳಿದರೆ ಅರ್ಧ ಉತ್ತರ ಸಿಗುತ್ತದೆ ಅಷ್ಟೆ. ‘ಇವನನ್ನು ಈ ರೌಂಡ್‌ನಲ್ಲಿ ತೆಗೆದುಕೊಂಡರೆ ಗಿಟ್ಟುತ್ತದಾ?’ ಎಂದು ಕೇಳಬೇಕು. ಒಳ್ಳೆಯ ಆಟಗಾರನನ್ನು ಜಾಸ್ತಿ ಬೆಲೆಗೆ ಕೊಂಡವರು ಪ್ರತಿ ಲೀಗ್‌ನಲ್ಲೂ ಇರುತ್ತಾರೆ.

ಎನ್‌ಎಫ್‌ಎಲ್ ಆಟದ ಮೂಲ ನಿಯಮ ನಿಮಗೆ ಗೊತ್ತು ಎಂದುಕೊಂಡು ಮುಂದುವರಿಯುತ್ತೇನೆ.

ಹಂತ 1: ಲೀಗ್‌ನ ಅಂಕದ ಲೆಕ್ಕ ಓದಿ

ಬೇಜಾರಿನ ಕೆಲಸ, ಆದರೆ ಮೊದಲು ಮಾಡಬೇಕಾದದ್ದು ಇದೇ. 10 ಯಾರ್ಡ್‌ಗೆ 1 ಅಂಕ, ಒಂದು ಟಚ್‌ಡೌನ್‌ಗೆ 6 ಅಂಕ. ಇದು ಹೆಚ್ಚುಕಮ್ಮಿ ಎಲ್ಲ ಕಡೆಯೂ ಒಂದೇ. ವ್ಯತ್ಯಾಸ ಬರುವುದು ಕ್ಯಾಚ್‌ನಲ್ಲಿ. ಪಿಪಿಆರ್ ಲೀಗ್‌ನಲ್ಲಿ ಪ್ರತಿ ಕ್ಯಾಚ್‌ಗೆ 1 ಅಂಕ, ಹಾಫ್ ಪಿಪಿಆರ್‌ನಲ್ಲಿ ಅರ್ಧ, ಸ್ಟ್ಯಾಂಡರ್ಡ್ ಲೀಗ್‌ನಲ್ಲಿ ಸೊನ್ನೆ.

ಇದರಿಂದ ಎಷ್ಟು ಫರಕ್ ಆಗುತ್ತದೆ ನೋಡಿ. ಒಬ್ಬ ರಿಸೀವರ್ 105 ಕ್ಯಾಚ್, 1,050 ಯಾರ್ಡ್, 5 ಟಚ್‌ಡೌನ್ ಮಾಡುತ್ತಾನೆ ಎಂದಿಟ್ಟುಕೊಳ್ಳಿ. ಇನ್ನೊಬ್ಬ 65 ಕ್ಯಾಚ್, 1,150 ಯಾರ್ಡ್, 9 ಟಚ್‌ಡೌನ್. ಪಿಪಿಆರ್‌ನಲ್ಲಿ ಮೊದಲನೆಯವನಿಗೆ 240, ಎರಡನೆಯವನಿಗೆ 234. ಹಾಫ್ ಪಿಪಿಆರ್‌ಗೆ ಬಂದರೆ 187.5 ಮತ್ತು 201.5, ಆಗಲೇ ಅದಲುಬದಲು. ಸ್ಟ್ಯಾಂಡರ್ಡ್‌ನಲ್ಲಿ 135 ಮತ್ತು 169. ಆಟಗಾರರು ಅವರೇ, ಅಂಕಿಅಂಶವೂ ಅದೇ. ಆದರೆ ಯಾರನ್ನು ಮೊದಲು ತೆಗೆದುಕೊಳ್ಳಬೇಕು ಅನ್ನುವ ಉತ್ತರ ಬೇರೆ. ಯಾವುದೋ ಸೈಟ್‌ನ ‘ಟಾಪ್ 50’ ಪಟ್ಟಿ ಇಳಿಸಿಕೊಂಡು ಕೂರುವವರು ಆ ಪಟ್ಟಿ ಯಾವ ಲೆಕ್ಕದ್ದು ಎಂದು ನೋಡುವುದೇ ಇಲ್ಲ.

ಜೊತೆಗೆ ಇನ್ನೆರಡು ವಿಷಯ ನೋಡಿ. ವಾರಕ್ಕೆ ಎಷ್ಟು ರಿಸೀವರ್‌ಗಳನ್ನು ಆಡಿಸಬೇಕು, ಎರಡಾ ಮೂರಾ? ಫ್ಲೆಕ್ಸ್, ಅಂದರೆ ರಿಸೀವರ್, ರನ್ನಿಂಗ್ ಬ್ಯಾಕ್, ಟೈಟ್ ಎಂಡ್ ಯಾರನ್ನಾದರೂ ಆಡಿಸಬಹುದಾದ ಜಾಗ ಎಷ್ಟಿದೆ? ಮೂರು ರಿಸೀವರ್, ಎರಡು ಫ್ಲೆಕ್ಸ್ ಇರುವ ಲೀಗ್‌ನಲ್ಲಿ ಮಧ್ಯಮ ದರ್ಜೆಯ ರಿಸೀವರ್‌ಗೂ ಒಳ್ಳೆ ಬೆಲೆ ಇರುತ್ತದೆ. ಎರಡೇ ರಿಸೀವರ್ ಆಡಿಸುವ 10 ಜನರ ಲೀಗ್‌ನಲ್ಲಿ ಅಂಥವರು ವೇವರ್ ಪಟ್ಟಿಯಲ್ಲೇ, ಅಂದರೆ ಯಾರ ತಂಡಕ್ಕೂ ಸೇರದೆ ಉಳಿದವರ ಪಟ್ಟಿಯಲ್ಲೇ, ಬಿದ್ದಿರುತ್ತಾರೆ.

ಹಂತ 2: ಟಾರ್ಗೆಟ್ ಎಣಿಸಿ

ಸಮಯ ಇಲ್ಲ, ಒಂದೇ ಒಂದು ಅಂಕಿ ನೋಡುತ್ತೇನೆ ಅನ್ನುವವರು ಟಾರ್ಗೆಟ್ ನೋಡಿ. ಕ್ವಾರ್ಟರ್‌ಬ್ಯಾಕ್ ಒಬ್ಬ ರಿಸೀವರ್ ಕಡೆ ಎಷ್ಟು ಸಲ ಚೆಂಡು ಎಸೆದ ಅನ್ನುವುದೇ ಟಾರ್ಗೆಟ್. ಚೆಂಡು ಬರದೆ ಕ್ಯಾಚ್ ಇಲ್ಲ, ಯಾರ್ಡ್ ಇಲ್ಲ, ಟಚ್‌ಡೌನ್ ಇಲ್ಲ. ಕೋಚ್‌ಗೂ ಕ್ವಾರ್ಟರ್‌ಬ್ಯಾಕ್‌ಗೂ ಈ ಮನುಷ್ಯನ ಮೇಲೆ ಎಷ್ಟು ನಂಬಿಕೆ ಇದೆ ಎನ್ನುವುದು ಇದರಲ್ಲೇ ಗೊತ್ತಾಗುತ್ತದೆ. ಅದೃಷ್ಟದ ಪಾಲು ಇದರಲ್ಲಿ ಕಡಿಮೆ. ಹಾಗಾಗಿಯೇ ಒಂದು ವರ್ಷದಿಂದ ಇನ್ನೊಂದು ವರ್ಷಕ್ಕೆ ಟಚ್‌ಡೌನ್ ಜಿಗಿದಾಡಿದಷ್ಟು ಟಾರ್ಗೆಟ್ ಜಿಗಿದಾಡುವುದಿಲ್ಲ.

ಪಟ್ಟಿಯ ಮೇಲ್ತುದಿಯಲ್ಲಿ ಇರುವವರನ್ನು ನೋಡಿ. ಮೈಕಲ್ ಥಾಮಸ್ 2019ರಲ್ಲಿ 149 ಕ್ಯಾಚ್ ಹಿಡಿದು ದಾಖಲೆ ಮಾಡಿದಾಗ ಅವನಿಗೆ ಬಂದ ಟಾರ್ಗೆಟ್ 185. ಕೂಪರ್ ಕಪ್‌ಗೆ 2021ರಲ್ಲಿ 191. ಜಸ್ಟಿನ್ ಜೆಫರ್ಸನ್‌ಗೆ 2022ರಲ್ಲಿ 184. ಸಿಡಿ ಲ್ಯಾಂಬ್‌ಗೆ 2023ರಲ್ಲಿ 181. ಜಮಾರ್ ಚೇಸ್ 2024ರಲ್ಲಿ ಕ್ಯಾಚ್, ಯಾರ್ಡ್, ಟಚ್‌ಡೌನ್ ಮೂರರಲ್ಲೂ ಲೀಗ್‌ಗೇ ಮೊದಲು ಬಂದಾಗ 175. ಸೀಸನ್ ಗೆಲ್ಲಿಸಿಕೊಡುವ ರಿಸೀವರ್ ಬೇಕೆಂದರೆ ಅವನಿಗೆ 160-170 ಟಾರ್ಗೆಟ್ ಬರುವ ದಾರಿ ಕಾಣಬೇಕು. ಆ ದಾರಿ ಕಾಣದವನಿಗೆ ಮೊದಲ ರೌಂಡ್ ಪಿಕ್ ಕೊಡಬಾರದು. ನನ್ನ ಮಟ್ಟಿಗೆ ಇದರಲ್ಲಿ ರಾಜಿ ಇಲ್ಲ.

ಬರೀ ಒಟ್ಟು ಸಂಖ್ಯೆ ನೋಡಿದರೆ ಸಾಲದು. ಗಾಯದಿಂದ ನಾಲ್ಕು ಪಂದ್ಯ ತಪ್ಪಿಸಿಕೊಂಡವನ ಒಟ್ಟು ಸುಮ್ನೆ ಕಡಿಮೆ ಕಾಣುತ್ತದೆ. ಅದಕ್ಕೆ ಪಂದ್ಯಕ್ಕೆ ಎಷ್ಟು ಎಂದು ಭಾಗಿಸಿ. 8ಕ್ಕಿಂತ ಜಾಸ್ತಿ ಇದ್ದರೆ ಒಳ್ಳೆಯದು, 10 ದಾಟಿದರೆ ಚಿನ್ನ. ಆಮೇಲೆ ಟಾರ್ಗೆಟ್ ಶೇರ್, ಅಂದರೆ ತಂಡದ ಒಟ್ಟು ಟಾರ್ಗೆಟ್‌ನಲ್ಲಿ ಇವನ ಪಾಲು. ಶೇ 25 ಅಥವಾ ಅದಕ್ಕಿಂತ ಜಾಸ್ತಿ ಪಾಲು ಇರುವವನು ತಂಡದ ಮುಖ್ಯ ರಿಸೀವರ್. ಶೇ 20ರ ಆಸುಪಾಸಿನವನು ನಿಮ್ಮ ಎರಡನೇ ರಿಸೀವರ್ ಆಗಬಹುದು. ಶೇ 15ಕ್ಕಿಂತ ಕೆಳಗಿದ್ದರೆ ಒಂದು ವಾರ ಕುಣಿಸಿ ಮೂರು ವಾರ ಅಳಿಸುತ್ತಾನೆ.

ಇನ್ನೊಂದು ಹೆಜ್ಜೆ ಒಳಗೆ ಹೋಗಬೇಕೆನ್ನುವವರು ರೂಟ್ ಲೆಕ್ಕ ನೋಡಿ. ಪಾಸ್ ಆಟದಲ್ಲಿ ರಿಸೀವರ್ ಎಷ್ಟು ಸಲ ಓಡಿದ, ಅದರಲ್ಲಿ ಎಷ್ಟು ಸಲ ಚೆಂಡು ಅವನತ್ತ ಬಂತು? ನಾಲ್ಕು ಓಟಕ್ಕೆ ಒಂದು ಸಲ ಬಂದರೆ ಅವನು ಯಾರನ್ನಾದರೂ ತಪ್ಪಿಸಿಕೊಂಡು ಖಾಲಿ ಜಾಗಕ್ಕೆ ಹೋಗಬಲ್ಲವನು ಎಂದರ್ಥ. ಒಂದು ರೂಟ್‌ಗೆ ಸರಾಸರಿ 2 ಯಾರ್ಡ್ ಗಳಿಸುವವನು ಒಳ್ಳೆಯವನು, 2.5 ದಾಟಿದರೆ ಲೀಗ್‌ನ ಮೇಲ್ತುದಿ. ಈ ಅಂಕಿ ಹೆಚ್ಚು ಉಪಯೋಗಕ್ಕೆ ಬರುವುದು ಎರಡನೇ ವರ್ಷದ ಹುಡುಗರಲ್ಲಿ. ಹೋದ ವರ್ಷ ಅರ್ಧ ಸಮಯ ಬೆಂಚಿನಲ್ಲಿದ್ದು, ಒಳಗೆ ಬಂದಾಗಲೆಲ್ಲ ಚೆಂಡು ಗಿಟ್ಟಿಸಿಕೊಂಡವನು ಈ ವರ್ಷ ಪೂರ್ತಿ ಆಡಿದರೆ ಏನಾಗಬಹುದು ಎಂದು ಊಹಿಸಬಹುದು. ಉಳಿದವರು ಇನ್ನೂ ಅವನ ಒಟ್ಟು ಯಾರ್ಡ್ ನೋಡಿಕೊಂಡು ಕೂತಿರುತ್ತಾರೆ.

ಟಾರ್ಗೆಟ್ ಎಷ್ಟು ದೂರದ್ದು ಎನ್ನುವುದೂ ಲೆಕ್ಕಕ್ಕೆ ಬರುತ್ತದೆ. ಸರಾಸರಿ 7 ಯಾರ್ಡ್ ದೂರಕ್ಕೆ ಚೆಂಡು ಪಡೆಯುವವನು ಪಿಪಿಆರ್‌ನಲ್ಲಿ ಪ್ರತಿ ವಾರ ಒಂದೇ ಸಮ ಅಂಕ ಕೊಡುತ್ತಾನೆ. 14-15 ಯಾರ್ಡ್ ದೂರಕ್ಕೆ ಓಡುವವನು ಒಂದೇ ಚೆಂಡಿನಲ್ಲಿ ವಾರ ಗೆಲ್ಲಿಸುತ್ತಾನೆ, ಮುಂದಿನ ವಾರ ಎರಡು ಕ್ಯಾಚ್‌ಗೆ ಮುಗಿಸುತ್ತಾನೆ. 100 ಯಾರ್ಡ್‌ಗೆ ಬೋನಸ್ ಇರುವ ಲೀಗ್ ಆದರೆ ಎರಡನೆಯವನ ಬೆಲೆ ಸ್ವಲ್ಪ ಏರಿಸಿ.

ಈ ಅಂಕಿಗಳಲ್ಲಿ ಹೆಚ್ಚಿನವಕ್ಕೆ ದುಡ್ಡು ಕೊಡಬೇಕಿಲ್ಲ. ಟಾರ್ಗೆಟ್, ಸ್ನ್ಯಾಪ್ (ಎಷ್ಟು ಸಲ ಮೈದಾನಕ್ಕಿಳಿದು ಆಡಿದ ಎನ್ನುವ ಲೆಕ್ಕ) ಎಲ್ಲ ಪ್ರೊ ಫುಟ್‌ಬಾಲ್ ರೆಫರೆನ್ಸ್ ಸೈಟ್‌ನಲ್ಲಿ ಸಿಗುತ್ತವೆ.

ಹಂತ 3: ಟಚ್‌ಡೌನ್ ನೋಡಿ ಮರುಳಾಗಬೇಡಿ

ಡೆಟ್ರಾಯಿಟ್‌ನ ಕ್ಯಾಲ್ವಿನ್ ಜಾನ್ಸನ್‌ನ ಎರಡು ವರ್ಷ ಪಕ್ಕಪಕ್ಕ ಇಟ್ಟು ನೋಡಿ. 2011ರಲ್ಲಿ 1,681 ಯಾರ್ಡ್, 16 ಟಚ್‌ಡೌನ್. 2012ರಲ್ಲಿ 1,964 ಯಾರ್ಡ್. ಒಂದು ಸೀಸನ್‌ನಲ್ಲಿ ಅಷ್ಟು ಯಾರ್ಡ್ ಅದಕ್ಕೆ ಮುಂಚೆ ಯಾರೂ ಮಾಡಿರಲಿಲ್ಲ. ಟಚ್‌ಡೌನ್ ಮಾತ್ರ 5! ಅವನೇನು ಆಟ ಮರೆತಿರಲಿಲ್ಲ. ಮರುವರ್ಷ ಮತ್ತೆ 12 ಹೊಡೆದ. ಸ್ಟ್ಯಾಂಡರ್ಡ್ ಲೀಗ್‌ನಲ್ಲಿ ಅವನನ್ನು ಕೊಂಡವರಿಗೆ ದಾಖಲೆಯ ವರ್ಷದಲ್ಲಿ ಹಿಂದಿನ ವರ್ಷಕ್ಕಿಂತ ಸುಮಾರು 38 ಅಂಕ ಕಡಿಮೆ ಬಂತು.

ಡಿಯಾಂಟೆ ಜಾನ್ಸನ್ ಕಥೆ ಇನ್ನೂ ವಿಚಿತ್ರ. ಪಿಟ್ಸ್‌ಬರ್ಗ್ ಪರ 2021ರಲ್ಲಿ 107 ಕ್ಯಾಚ್, 8 ಟಚ್‌ಡೌನ್. 2022ರಲ್ಲಿ 147 ಟಾರ್ಗೆಟ್, 86 ಕ್ಯಾಚ್, 882 ಯಾರ್ಡ್, ಟಚ್‌ಡೌನ್ ಸೊನ್ನೆ. 147 ಸಲ ಚೆಂಡು ಬಂದರೂ ಒಂದೂ ಗೆರೆ ದಾಟಲಿಲ್ಲ. ಪಿಪಿಆರ್ ಅಂಕ 271ರಿಂದ 174ಕ್ಕೆ ಬಿತ್ತು. ಅದರಲ್ಲಿ 48 ಬರೀ ಟಚ್‌ಡೌನ್ ಹೋದದ್ದರಿಂದ.

ಹಾಗಾದರೆ ಮಾಡುವುದೇನು? ಮಾಮೂಲಿ ರಿಸೀವರ್‌ಗೆ 100 ಟಾರ್ಗೆಟ್‌ಗೆ 4-5 ಟಚ್‌ಡೌನ್ ಬರುತ್ತವೆ ಎಂದು ಇಟ್ಟುಕೊಳ್ಳಿ. ನಿಮ್ಮ ಆಟಗಾರನ ಹೋದ ವರ್ಷದ ಟಾರ್ಗೆಟ್ ತೆಗೆದುಕೊಂಡು ಶೇ 4.5ರಿಂದ ಗುಣಿಸಿ. ನಿಜವಾಗಿ ಬಂದದ್ದು ಅದಕ್ಕಿಂತ ಬಹಳ ಜಾಸ್ತಿ ಇದ್ದರೆ ಅವನ ಬೆಲೆ ಈಗ ಉಬ್ಬಿರುತ್ತದೆ. ಕಡಿಮೆ ಇದ್ದರೆ ಅಲ್ಲೇ ಅಗ್ಗದ ಮಾಲು ಇರಬಹುದು. 70 ಕ್ಯಾಚ್‌ಗೆ 10 ಟಚ್‌ಡೌನ್ ಹೊಡೆದವನು ಹೆದರಿಸಬೇಕು, 95 ಕ್ಯಾಚ್‌ಗೆ 3 ಹೊಡೆದವನು ಆಸೆ ಹುಟ್ಟಿಸಬೇಕು.

ಇದಕ್ಕೆ ಅಪವಾದ ಇಲ್ಲವೆಂದಲ್ಲ. ಡವಾಂಟೆ ಆಡಮ್ಸ್ 2020ರಲ್ಲಿ 14 ಪಂದ್ಯಕ್ಕೆ 18 ಟಚ್‌ಡೌನ್ ಹೊಡೆದ. ಅದು ಬರೀ ಅದೃಷ್ಟವಲ್ಲ. ಗೋಲ್ ಗೆರೆ ಹತ್ತಿರ ಬಂದಾಗ ಆರನ್ ರಾಡ್ಜರ್ಸ್ ಅವನನ್ನೇ ಹುಡುಕುತ್ತಿದ್ದ. ಅದಕ್ಕೆ ರೆಡ್ ಝೋನ್, ಅಂದರೆ ಕೊನೆಯ 20 ಯಾರ್ಡ್ ಒಳಗಿನ ಟಾರ್ಗೆಟ್ ಎಷ್ಟು ಎಂದು ಬೇರೆಯಾಗಿ ನೋಡಿ. ಅಲ್ಲೂ ಅವನೇ ಮೊದಲ ಆಯ್ಕೆಯಾಗಿದ್ದರೆ ಶೇ 4.5ನ್ನು 6ಕ್ಕೆ ಏರಿಸಿ. ಅದಕ್ಕಿಂತ ಮೇಲೆ ಏರಿಸಲು ನನಗಂತೂ ಧೈರ್ಯ ಬರುವುದಿಲ್ಲ.

ಹಂತ 4: ಚೆಂಡು ಎಸೆಯುವವನು ಯಾರು?

ಟೈರೀಕ್ ಹಿಲ್ 2023ರಲ್ಲಿ ಮಯಾಮಿ ಪರ 1,799 ಯಾರ್ಡ್, 13 ಟಚ್‌ಡೌನ್. ಮರುವರ್ಷ ಡ್ರಾಫ್ಟ್‌ಗಳಲ್ಲಿ ಮೊದಲ ಮೂರ್ನಾಲ್ಕು ಪಿಕ್ ಒಳಗೇ ಅವನು ಹೋಗುತ್ತಿದ್ದ. ಎರಡನೇ ವಾರವೇ ಕ್ವಾರ್ಟರ್‌ಬ್ಯಾಕ್ ಟುವಾ ಟಾಂಗೊವೈಲೋವಾಗೆ ತಲೆಗೆ ಪೆಟ್ಟು ಬಿದ್ದು ನಾಲ್ಕು ಪಂದ್ಯ ಹೊರಗೆ ಕೂತ. ಹಿಲ್‌ಗೂ ಮಣಿಕಟ್ಟಿನ ನೋವಿತ್ತು, ವಯಸ್ಸೂ 30 ಆಗಿತ್ತು. ವರ್ಷದ ಕೊನೆಗೆ 959 ಯಾರ್ಡ್, 6 ಟಚ್‌ಡೌನ್. ಟುವಾಗೆ ತಲೆ ಪೆಟ್ಟು ಮೊದಲ ಸಲವೇನೂ ಅಲ್ಲ, 2022ರಲ್ಲೂ ಆಗಿತ್ತು. ಆ ಅಪಾಯ ಹಿಲ್‌ನ ಬೆಲೆಯಲ್ಲಿ ಕಾಣಬೇಕಿತ್ತು, ಕಾಣಲಿಲ್ಲ.

ಹಾಗೆಂದು ಕ್ವಾರ್ಟರ್‌ಬ್ಯಾಕ್ ಸರಿಯಿಲ್ಲ ಎಂದು ರಿಸೀವರ್‌ನನ್ನು ಪಟ್ಟಿಯಿಂದಲೇ ಹೊಡೆದುಹಾಕಬೇಡಿ. ಡಿಆಂಡ್ರೆ ಹಾಪ್ಕಿನ್ಸ್ 2015ರಲ್ಲಿ ಹ್ಯೂಸ್ಟನ್‌ನಲ್ಲಿ ನಾಲ್ಕು ಬೇರೆಬೇರೆ ಕ್ವಾರ್ಟರ್‌ಬ್ಯಾಕ್‌ಗಳ ಜೊತೆ ಆಡಿ 111 ಕ್ಯಾಚ್, 1,521 ಯಾರ್ಡ್, 11 ಟಚ್‌ಡೌನ್ ಮಾಡಿದ. ಅವನಿಗೆ ಬಂದ ಟಾರ್ಗೆಟ್ 192. ಎಸೆಯುವವನು ಯಾರೇ ಆಗಲಿ, ಎಸೆಯಲು ಬೇರೆ ಗತಿ ಇರಲಿಲ್ಲ! ಸಾಧಾರಣ ತಂಡದ ಒಬ್ಬನೇ ಒಬ್ಬ ಒಳ್ಳೆ ರಿಸೀವರ್ ಎಷ್ಟೋ ಸಲ ಅಗ್ಗಕ್ಕೆ ಸಿಗುತ್ತಾನೆ.

ಇಲ್ಲೇ ಇನ್ನೊಂದು ಬಲೆ ಇದೆ. ಪ್ರತಿ ವರ್ಷ ಜನ ಬೀಳುವುದು ಇದರಲ್ಲೇ. ‘ಆ ತಂಡದ ದೊಡ್ಡ ರಿಸೀವರ್ ಬಿಟ್ಟುಹೋದ, 150 ಟಾರ್ಗೆಟ್ ಖಾಲಿ ಬಿದ್ದಿವೆ, ಎರಡನೆಯವನು ಈಗ ಹೀರೋ’ ಅನ್ನುವ ಮಾತು. 2022ರ ಮಾರ್ಚ್‌ನಲ್ಲಿ ಡವಾಂಟೆ ಆಡಮ್ಸ್ ಗ್ರೀನ್ ಬೇ ಬಿಟ್ಟ, ಟೈರೀಕ್ ಹಿಲ್ ಕ್ಯಾನ್ಸಸ್ ಸಿಟಿ ಬಿಟ್ಟ. ಗ್ರೀನ್ ಬೇಯಲ್ಲಿ ಆ ವರ್ಷ ಅತಿ ಹೆಚ್ಚು ಯಾರ್ಡ್ ಮಾಡಿದ ಅಲನ್ ಲಝಾರ್ಡ್‌ನ ಲೆಕ್ಕ 788. ಕ್ಯಾನ್ಸಸ್ ಸಿಟಿಯಲ್ಲಿ ಒಬ್ಬ ವೈಡ್ ರಿಸೀವರ್ ಕೂಡ 1,000 ಮುಟ್ಟಲಿಲ್ಲ. ಚೆಂಡೆಲ್ಲ ಟೈಟ್ ಎಂಡ್ ಟ್ರಾವಿಸ್ ಕೆಲ್ಸಿ ಕಡೆ ಹೋಯಿತು, ಉಳಿದದ್ದು ನಾಲ್ಕಾರು ಜನರಿಗೆ ಹಂಚಿಹೋಯಿತು. ಆಡಮ್ಸ್ ಮತ್ತು ಹಿಲ್ ಮಾತ್ರ ಹೊಸ ತಂಡದಲ್ಲೂ 1,500 ದಾಟಿದರು. ಖಾಲಿ ಜಾಗ ಇದೆ ಎಂದು ದುಡ್ಡು ಸುರಿಯುವ ಮೊದಲು ಆ ಎರಡನೆಯವನ ರೂಟ್ ಲೆಕ್ಕ ನೋಡಿ. ದೊಡ್ಡವನು ಇದ್ದಾಗಲೂ ಇವನು ಚೆಂಡು ಸೆಳೆಯುತ್ತಿದ್ದನಾ?

ಹಂತ 5: ನಿಮ್ಮದೇ ಒಂದು ಅಂದಾಜು ಹಾಕಿ

ಹಾಳೆ ಪೆನ್ನು ಸಾಕು. ಎಕ್ಸೆಲ್ ಇದ್ದರೆ ಇನ್ನೂ ಸಲೀಸು.

ಒಂದು ತಂಡ 17 ಪಂದ್ಯದಲ್ಲಿ ಸುಮಾರು 570 ಸಲ ಪಾಸ್ ಎಸೆಯುತ್ತದೆ ಎಂದುಕೊಳ್ಳಿ. ಯಾವಾಗಲೂ ಹಿಂದೆ ಬಿದ್ದು ಬೆನ್ನಟ್ಟುವ ತಂಡವಾದರೆ 600, ಓಡಿಕೊಂಡೇ ಗೆಲ್ಲುವ ತಂಡವಾದರೆ 500. ನಮ್ಮ ರಿಸೀವರ್ ಪಾಲು ಶೇ 25 ಎಂದರೆ 142 ಟಾರ್ಗೆಟ್. ಅದರಲ್ಲಿ ಶೇ 65 ಹಿಡಿದರೆ 92 ಕ್ಯಾಚ್. ಟಾರ್ಗೆಟ್‌ಗೆ 8 ಯಾರ್ಡ್ ಲೆಕ್ಕದಲ್ಲಿ ಸುಮಾರು 1,140 ಯಾರ್ಡ್. ಶೇ 4.5ರಂತೆ 6.4 ಟಚ್‌ಡೌನ್. ಒಟ್ಟು ಪಿಪಿಆರ್ ಅಂಕ ಹೆಚ್ಚುಕಮ್ಮಿ 245. ಇದೇ ಅಚ್ಚು. ಪ್ರತಿ ಆಟಗಾರನಿಗೂ ಇದರಲ್ಲಿ ಒಂದೆರಡು ಅಂಕಿ ಬದಲಾಯಿಸುತ್ತಾ ಹೋಗಿ. ಉದ್ದ ಪಾಸ್‌ನವನಿಗೆ ಕ್ಯಾಚ್ ಶೇ 57, ಟಾರ್ಗೆಟ್‌ಗೆ 9 ಯಾರ್ಡ್. ಸ್ಲಾಟ್‌ನಲ್ಲಿ, ಅಂದರೆ ಅಂಚಿಗಿಂತ ಒಳಗೆ ನಿಂತು ಆಡುವವನಿಗೆ ಶೇ 72, 7.5 ಯಾರ್ಡ್.

ಈಗ ನಿಜವಾದ ಒಂದು ಪ್ರಕರಣಕ್ಕೆ ಬರೋಣ. 2021ರ ಆಗಸ್ಟ್. ಲಾಸ್ ಏಂಜಲೀಸ್ ರ‍್ಯಾಮ್ಸ್ ತಂಡದಲ್ಲಿ ಇಬ್ಬರು ರಿಸೀವರ್‌ಗಳು, ರಾಬರ್ಟ್ ವುಡ್ಸ್ ಮತ್ತು ಕೂಪರ್ ಕಪ್. 2020ರಲ್ಲಿ ವುಡ್ಸ್ 90 ಕ್ಯಾಚ್, 936 ಯಾರ್ಡ್, 6 ಟಚ್‌ಡೌನ್. ಕಪ್ 92 ಕ್ಯಾಚ್, 974 ಯಾರ್ಡ್, 3 ಟಚ್‌ಡೌನ್. ಇಬ್ಬರೂ ಡ್ರಾಫ್ಟ್‌ನಲ್ಲಿ ಅಕ್ಕಪಕ್ಕದಲ್ಲೇ ಹೋಗುತ್ತಿದ್ದರು. ಕಪ್ ಎಂದರೆ ಜನರಿಗೆ ‘ಸೇಫ್, ಆದರೆ ಟಚ್‌ಡೌನ್ ಬರಲ್ಲ’ ಎನ್ನುವ ಭಾವನೆ.

ನಮ್ಮ ಅಚ್ಚಿಗೆ ಹಾಕಿ. ಕಪ್‌ಗೆ ಬಂದ ಟಾರ್ಗೆಟ್ 124, ಅದೂ 15 ಪಂದ್ಯದಲ್ಲಿ. ಪಂದ್ಯಕ್ಕೆ 8.3. ಪೂರ್ತಿ 17 ಆಡಿದರೆ 140. 124 ಟಾರ್ಗೆಟ್‌ಗೆ 5-6 ಟಚ್‌ಡೌನ್ ಬರಬೇಕಿತ್ತು, ಬಂದದ್ದು 3. ಅಂದರೆ ಹೋದ ವರ್ಷ ಅದೃಷ್ಟ ಕೈಕೊಟ್ಟಿತ್ತು. ಇದಿಷ್ಟನ್ನು ಸರಿಪಡಿಸಿದರೆ 250ರ ಆಸುಪಾಸು ಪಿಪಿಆರ್ ಅಂಕ. ಇದರ ಮೇಲೆ ಕ್ವಾರ್ಟರ್‌ಬ್ಯಾಕ್ ಬದಲಾಗಿದ್ದ. ಜ್ಯಾರೆಡ್ ಗಾಫ್‌ನನ್ನು ಕೊಟ್ಟು ಮ್ಯಾಥ್ಯೂ ಸ್ಟ್ಯಾಫರ್ಡ್‌ನನ್ನು ತಂದಿದ್ದರು. ಇವನು ಉದ್ದಕ್ಕೆ ಎಸೆಯಲು ಹಿಂಜರಿಯದವನು. ಹಾಗಾಗಿ ಟಾರ್ಗೆಟ್‌ಗೆ 7.9 ಇದ್ದ ಯಾರ್ಡ್ ಏರುವುದೇ ಹೊರತು ಇಳಿಯುವ ಸಂಭವ ಕಡಿಮೆ.

ಆಮೇಲೆ ಆದದ್ದು ಗೊತ್ತೇ ಇದೆ. 145 ಕ್ಯಾಚ್, 1,947 ಯಾರ್ಡ್, 16 ಟಚ್‌ಡೌನ್, ಬರೀ ಕ್ಯಾಚಿಂಗ್‌ನಿಂದಲೇ 435 ಅಂಕ. ಯಾವ ಲೆಕ್ಕವೂ ಅದನ್ನು ಮೊದಲೇ ಹೇಳುತ್ತಿರಲಿಲ್ಲ, ನಮ್ಮ ಅಚ್ಚಂತೂ ಖಂಡಿತ ಇಲ್ಲ. ನವೆಂಬರ್‌ನಲ್ಲಿ ವುಡ್ಸ್‌ನ ಮಂಡಿ ಹೋದದ್ದರಿಂದ ಹೀಗಾಯಿತು ಎನ್ನುವವರಿದ್ದಾರೆ, ಆದರೆ ಅಷ್ಟರಲ್ಲಾಗಲೇ ಕಪ್ ಯಾರ್ಡ್‌ನಲ್ಲಿ ಲೀಗ್‌ಗೇ ಮುಂದಿದ್ದ. ಅಚ್ಚು ಹೇಳಬಹುದಾಗಿದ್ದು ಇಷ್ಟೇ: ಈ ಬೆಲೆಗೆ ಇವನು ಕೈಕೊಡುವ ಸಾಧ್ಯತೆ ಕಮ್ಮಿ, ಮೇಲೆ ಏರುವ ಜಾಗ ಜಾಸ್ತಿ. ನಾಲ್ಕನೇ, ಐದನೇ ರೌಂಡ್ ಪಿಕ್‌ಗೆ ಇನ್ನೇನು ಬೇಕು?

ಹಂತ 6: ಅಂಕ ಎಷ್ಟು ಎನ್ನುವುದಲ್ಲ, ಪಕ್ಕದವನಿಗಿಂತ ಎಷ್ಟು ಜಾಸ್ತಿ

ರಿಸೀವರ್‌ಗೆ 245, ರನ್ನಿಂಗ್ ಬ್ಯಾಕ್‌ಗೆ 230 ಎಂದು ಅಂದಾಜು ಬಂತು. ಯಾರನ್ನು ತೆಗೆದುಕೊಳ್ಳುತ್ತೀರಿ? 245 ಎಂದರೆ ಸ್ವಲ್ಪ ತಡೆಯಿರಿ.

12 ಜನರ ಲೀಗ್, ತಲಾ ಮೂರು ರಿಸೀವರ್ ಎಂದರೆ ವಾರಕ್ಕೆ 36 ರಿಸೀವರ್‌ಗಳು ಆಡುತ್ತಾರೆ. ಫ್ಲೆಕ್ಸ್ ಸೇರಿಸಿದರೆ ಸುಮಾರು 42. ಆ 42ನೆಯವನು ಎಷ್ಟು ಅಂಕ ಮಾಡುತ್ತಾನೆ? ಅದೇ ನಿಮ್ಮ ತಳ. ಯಾಕೆಂದರೆ ಅಂಥವನು ಬಿಟ್ಟಿಯಾಗಿ ಸಿಗುತ್ತಾನೆ. ಅದು 165 ಎಂದಿಟ್ಟುಕೊಂಡರೆ ನಮ್ಮ ರಿಸೀವರ್‌ನ ನಿಜವಾದ ಬೆಲೆ 80. ರನ್ನಿಂಗ್ ಬ್ಯಾಕ್‌ಗಳಲ್ಲಿ ತಳ 140 ಎಂದರೆ ಅವನ ಬೆಲೆ 90. ಅಂಕ ಕಡಿಮೆ ಇದ್ದರೂ ಅವನೇ ಮೊದಲು. ಆಡುವ ಒಳ್ಳೆ ರನ್ನಿಂಗ್ ಬ್ಯಾಕ್‌ಗಳು ಬೇಗ ಖಾಲಿಯಾಗುವುದರಿಂದ ಹೀಗೆ. ಫುಟ್‌ಬಾಲ್‌ಗೈಸ್ ಸೈಟ್‌ನ ಜೋ ಬ್ರಯಂಟ್ ಹರಡಿದ ಲೆಕ್ಕ ಇದು, ಇವತ್ತು ಎಲ್ಲ ಡ್ರಾಫ್ಟ್ ಸಾಧನಗಳ ಒಳಗೂ ಇದರದೇ ಒಂದಲ್ಲ ಒಂದು ರೂಪ ಇರುತ್ತದೆ.

ಹರಾಜು ಲೀಗ್ ಆಡುವವರಿಗೆ ಇದೇ ಅಂಕಿ ಡಾಲರ್ ಆಗುತ್ತದೆ. 12 ಜನ, ತಲಾ 200 ಡಾಲರ್, ಒಟ್ಟು 2,400. ತಂಡಕ್ಕೆ 16 ಆಟಗಾರರಂತೆ 192 ಜಾಗಕ್ಕೆ ಒಂದೊಂದು ಡಾಲರ್ ಎತ್ತಿಟ್ಟರೆ ಉಳಿಯುವುದು 2,208. ಎಲ್ಲ ಆಟಗಾರರ ‘ತಳಕ್ಕಿಂತ ಜಾಸ್ತಿ’ ಅಂಕ ಕೂಡಿದಾಗ 4,000 ಬಂತು ಎನ್ನಿ. ಒಂದು ಅಂಕಕ್ಕೆ 55 ಸೆಂಟ್. 80 ಅಂಕದವನಿಗೆ 44, ಮೇಲೊಂದು ಸೇರಿಸಿ 45 ಡಾಲರ್. ಅದರಾಚೆಗೆ ಯಾರಾದರೂ ಕೂಗಿದರೆ ನಗುತ್ತಾ ಬಿಟ್ಟುಕೊಡಿ.

ಹಂತ 7: ಮಾರ್ಕೆಟ್ ರೇಟ್ ನೋಡಿ

ನಿಮ್ಮ ಲೆಕ್ಕ ಒಂದು ಕಡೆ, ಲೀಗ್‌ನವರ ಲೆಕ್ಕ ಇನ್ನೊಂದು ಕಡೆ. ಒಬ್ಬ ಆಟಗಾರ ಸರಾಸರಿ ಎಷ್ಟನೇ ಪಿಕ್‌ನಲ್ಲಿ ಹೋಗುತ್ತಿದ್ದಾನೆ ಎನ್ನುವುದು ಎಡಿಪಿ. ಫ್ಯಾಂಟಸಿಪ್ರೋಸ್‌ನಲ್ಲಿ ಹಲವು ಸೈಟ್‌ಗಳ ಎಡಿಪಿ ಒಟ್ಟಿಗೆ ಸಿಗುತ್ತದೆ. ಆದರೂ ನೀವು ಡ್ರಾಫ್ಟ್ ಮಾಡುವ ಸೈಟ್‌ನದ್ದನ್ನೇ ನೋಡಿ. ಯಾಹೂ ಆಗಲಿ, ಇಎಸ್‌ಪಿಎನ್ ಆಗಲಿ, ಸ್ಲೀಪರ್ ಆಗಲಿ, ಡ್ರಾಫ್ಟ್ ದಿನ ಪರದೆ ಮೇಲೆ ಯಾರ ಹೆಸರು ಮೇಲಿರುತ್ತದೋ ಅವರನ್ನೇ ಅರ್ಧ ಜನ ಒತ್ತುತ್ತಾರೆ. ತಯಾರಿ ಮಾಡದವರ ಲೀಗ್‌ನಲ್ಲಿ ಆ ಪಟ್ಟಿಯೇ ಎದುರಾಳಿ.

ಇದನ್ನು ಬಳಸುವುದು ಹೀಗೆ. 12 ಜನರ ಲೀಗ್‌ನಲ್ಲಿ ನಿಮ್ಮದು 8ನೇ ಜಾಗ. ಪ್ರತಿ ರೌಂಡ್‌ಗೂ ಸರದಿ ತಿರುಗುಮುರುಗಾಗುವ ಸ್ನೇಕ್ ಡ್ರಾಫ್ಟ್ ಆದ್ದರಿಂದ ನಿಮ್ಮ ಪಿಕ್‌ಗಳು 8, 17, 32, 41. ನಿಮಗೆ ಇಷ್ಟವಾದ ರಿಸೀವರ್‌ನ ಎಡಿಪಿ 38. 32ರಲ್ಲಿ ತೆಗೆದುಕೊಂಡರೆ ಆರು ಪಿಕ್ ಮುಂಚೆ, 41ರವರೆಗೆ ಕಾದರೆ ಹೋಗಿಬಿಡಬಹುದು. ಏನು ಮಾಡುವುದು? ಇಲ್ಲಿ ಗುಂಪು ಮಾಡಿಕೊಂಡಿದ್ದರೆ ಉತ್ತರ ತಾನಾಗಿ ಸಿಗುತ್ತದೆ. ಅಂದಾಜು ಅಂಕದಲ್ಲಿ ಹತ್ತು ಹನ್ನೆರಡರೊಳಗೆ ಇರುವವರನ್ನೆಲ್ಲ ಒಂದು ಗುಂಪಿಗೆ ಹಾಕಿ. ಅವನ ಗುಂಪಿನಲ್ಲಿ ಇನ್ನೂ ಐದು ಜನ ಉಳಿದಿದ್ದರೆ ಕಾಯಿರಿ, ಯಾರೋ ಒಬ್ಬರು 41ಕ್ಕೆ ಸಿಕ್ಕೇ ಸಿಗುತ್ತಾರೆ. ಅಷ್ಟರಲ್ಲಿ ಬೇರೆ ಜಾಗಕ್ಕೆ ಒಬ್ಬನನ್ನು ಹಿಡಿದುಕೊಳ್ಳಿ. ಗುಂಪಿನಲ್ಲಿ ಅವನೊಬ್ಬನೇ ಉಳಿದು, ಕೆಳಗಿನ ಗುಂಪು 25 ಅಂಕ ದೂರ ಇದ್ದರೆ 32ರಲ್ಲೇ ತೆಗೆದುಕೊಳ್ಳಿ. ಆರು ಪಿಕ್ ಮುಂಚೆ ತೆಗೆದುಕೊಂಡೆ ಎಂದು ಯಾರಾದರೂ ಚಾಟ್‌ನಲ್ಲಿ ಆಡಿಕೊಂಡರೆ ಆಡಿಕೊಳ್ಳಲಿ.

ಬೈ ವೀಕ್ (ಆಟಗಾರನ ತಂಡಕ್ಕೆ ಪಂದ್ಯವಿಲ್ಲದ ವಾರ) ಹೊಂದಿಸುವ ಗೋಜಿಗೆ ಹೋಗಬೇಡಿ. ಆ ತಲೆನೋವಿಗೆ ಡ್ರಾಫ್ಟ್‌ನಲ್ಲಿ ಬೆಲೆ ತೆರುವುದು ದಂಡ.

ಹಂತ 8: ಗಾಯ, ಕಾಂಟ್ರಾಕ್ಟ್, ಹೊಸಬರು

ಗಾಯದ ವಿಷಯದಲ್ಲಿ ಹಳೆಯದಕ್ಕಿಂತ ಈಗ ಇರುವ ಗಾಯಕ್ಕೆ ಹೆದರಿ. ಮೂರು ವರ್ಷದ ಹಿಂದೆ ಕೈ ಮುರಿದಿತ್ತು ಎನ್ನುವುದು ವಿಷಯವೇ ಅಲ್ಲ. ಆಗಸ್ಟ್‌ನಲ್ಲಿ ಹ್ಯಾಮ್‌ಸ್ಟ್ರಿಂಗ್ ಹಿಡಿದುಕೊಂಡಿದೆ ಎನ್ನುವುದು ವಿಷಯ, ಯಾಕೆಂದರೆ ರಿಸೀವರ್‌ಗೆ ಅದು ಮತ್ತೆಮತ್ತೆ ಬರುತ್ತದೆ. ಸೀಸನ್ ಶುರುವಾಗುವಾಗ ಪಿಯುಪಿ ಪಟ್ಟಿಯಲ್ಲಿ, ಅಂದರೆ ಇನ್ನೂ ಆಡುವಷ್ಟು ಫಿಟ್ ಆಗದವರ ಪಟ್ಟಿಯಲ್ಲಿ ಇದ್ದರೆ ಕನಿಷ್ಠ ನಾಲ್ಕು ಪಂದ್ಯ ಇಲ್ಲ ಎಂದೇ ಲೆಕ್ಕ. ಅಂಥವನ ಅಂದಾಜನ್ನು 17ರ ಬದಲು 13 ಪಂದ್ಯಕ್ಕೆ ಹಾಕಿ.

ಕಾಂಟ್ರಾಕ್ಟ್ ಜಗಳದ ಸುದ್ದಿಗೆ ಜನ ಜಾಸ್ತಿ ತಲೆಕೆಡಿಸಿಕೊಳ್ಳುತ್ತಾರೆ. 2024ರ ಆಗಸ್ಟ್‌ನಲ್ಲಿ ಮೂವರು ದೊಡ್ಡ ರಿಸೀವರ್‌ಗಳು ದುಡ್ಡಿಗಾಗಿ ಹಟ ಹಿಡಿದಿದ್ದರು. ಜಮಾರ್ ಚೇಸ್ ಕ್ಯಾಚ್, ಯಾರ್ಡ್, ಟಚ್‌ಡೌನ್ ಮೂರರಲ್ಲೂ ಮೊದಲು ಬಂದ. ಸಿಡಿ ಲ್ಯಾಂಬ್ 101 ಕ್ಯಾಚ್, 1,194 ಯಾರ್ಡ್‌ಗೆ ಇಳಿದ, ಅದರ ನಡುವೆ ಅವನ ಕ್ವಾರ್ಟರ್‌ಬ್ಯಾಕ್ ಡ್ಯಾಕ್ ಪ್ರೆಸ್ಕಾಟ್ ಗಾಯವಾಗಿ ಸೀಸನ್‌ನಿಂದಲೇ ಹೊರಬಿದ್ದಿದ್ದ. ಬ್ರ್ಯಾಂಡನ್ ಅಯೂಕ್ ನಿಧಾನವಾಗಿ ಶುರು ಮಾಡಿ ಅಕ್ಟೋಬರ್‌ನಲ್ಲಿ ಮಂಡಿ ಹರಿದುಕೊಂಡ. ಮೂರು ಜಗಳ, ಮೂರು ದಾರಿ. ಬೆಲೆ ಒಂದು ರೌಂಡ್ ಬಿದ್ದರೆ ನಾನು ಕೊಳ್ಳುವ ಕಡೆಗೇ ವಾಲುತ್ತೇನೆ.

ವಯಸ್ಸು 30 ದಾಟಿದವನ ಬಗ್ಗೆ ಹುಷಾರು, ಅದರಲ್ಲೂ ವೇಗವೇ ಬಂಡವಾಳ ಆದವನ ಬಗ್ಗೆ. ರೂಟ್ ಚೆನ್ನಾಗಿ ಓಡುವವರು ತಡವಾಗಿ ಮುದುಕರಾಗುತ್ತಾರೆ. ಆಡಮ್ ಥೀಲನ್ 33ನೇ ವಯಸ್ಸಲ್ಲಿ, 2023ರಲ್ಲಿ, 103 ಕ್ಯಾಚ್ ಹಿಡಿದ.

ಹೊಸಬರ ಬಗ್ಗೆ ಹಳೆ ಮಾತೊಂದಿದೆ, ರಿಸೀವರ್‌ಗೆ ಮೂರನೇ ವರ್ಷ ಬೇಕು ಎಂದು. ಈಗ ಅದು ನಡೆಯುವುದಿಲ್ಲ. ಜೆಫರ್ಸನ್ 2020ರಲ್ಲಿ ಮೊದಲ ವರ್ಷವೇ 1,400 ಯಾರ್ಡ್ ಮಾಡಿದ. ಚೇಸ್ ಕಥೆ ಇನ್ನೂ ಮಜಾ. 2021ರ ಆಗಸ್ಟ್‌ನ ಪ್ರೀಸೀಸನ್ ಪಂದ್ಯಗಳಲ್ಲಿ ಸಾಲಾಗಿ ಕ್ಯಾಚ್ ಬಿಟ್ಟ. ಕಾಲೇಜು ಚೆಂಡಿಗಿಂತ ಎನ್‌ಎಫ್‌ಎಲ್ ಚೆಂಡು ದೊಡ್ಡದು, ಬಿಳಿ ಪಟ್ಟಿಯೂ ಇಲ್ಲ, ನೋಡಲು ಕಷ್ಟ ಎಂದು ಹೇಳಿಕೊಂಡ. ಎಲ್ಲರೂ ನಕ್ಕರು, ಎಡಿಪಿ ಇಳಿಯಿತು. ಸೆಪ್ಟೆಂಬರ್ ಬಂದ ಮೇಲೆ 1,455 ಯಾರ್ಡ್, 13 ಟಚ್‌ಡೌನ್. ಎನ್‌ಎಫ್‌ಎಲ್ ತಂಡಗಳು ಕಾಲೇಜು ಆಟಗಾರರನ್ನು ಆರಿಸಿಕೊಳ್ಳುವ ಎನ್‌ಎಫ್‌ಎಲ್ ಡ್ರಾಫ್ಟ್‌ನಲ್ಲಿ ಐದನೇ ಪಿಕ್ ಕೊಟ್ಟು ತಂದವನನ್ನು ತಂಡ ನಾಲ್ಕು ಕ್ಯಾಚ್ ಬಿಟ್ಟನೆಂದು ಕೂರಿಸುವುದಿಲ್ಲ. ಎಷ್ಟನೇ ಪಿಕ್‌ನಲ್ಲಿ ಬಂದವನು ಎನ್ನುವುದು ಪ್ರೀಸೀಸನ್‌ಗಿಂತ ದೊಡ್ಡ ಸಾಕ್ಷಿ.

ಡ್ರಾಫ್ಟ್ ಮುಗಿದ ಮೇಲೆ

ಕೊನೆಯ ನಾಲ್ಕೈದು ರೌಂಡ್‌ಗಳಲ್ಲಿ ‘ಸೇಫ್’ ಹೆಸರುಗಳು ಬೇಡ. ವಾರಕ್ಕೆ 8 ಅಂಕ ಕೊಡುವ ಹಳಬ ಯಾವಾಗ ಬೇಕಾದರೂ ವೇವರ್‌ನಲ್ಲಿ ಸಿಗುತ್ತಾನೆ. ಮುಂದೆ ಇರುವ ಒಬ್ಬನಿಗೆ ಗಾಯವಾದರೆ ನೇರ ಮೊದಲ ಸಾಲಿಗೆ ಬರುವಂಥ ಹುಡುಗನನ್ನು ಹಿಡಿಯಿರಿ.

2023ರಲ್ಲಿ ಅಂಥವನೊಬ್ಬನನ್ನು ಹೆಚ್ಚಿನ ಲೀಗ್‌ಗಳಲ್ಲಿ ಯಾರೂ ಮುಟ್ಟಿರಲಿಲ್ಲ. ಮತ್ತೆ ರ‍್ಯಾಮ್ಸ್ ತಂಡವೇ. ಕಪ್ ಹ್ಯಾಮ್‌ಸ್ಟ್ರಿಂಗ್‌ನಿಂದ ಹೊರಗಿದ್ದ. ಎನ್‌ಎಫ್‌ಎಲ್ ಡ್ರಾಫ್ಟ್‌ನಲ್ಲಿ 177ನೇ ಪಿಕ್ ಆಗಿ ಬಂದ ಪೂಕಾ ನಕೂವಾಗೆ ಮೊದಲ ವಾರ 15 ಟಾರ್ಗೆಟ್ ಬಂತು, 10 ಕ್ಯಾಚ್, 119 ಯಾರ್ಡ್, ಟಚ್‌ಡೌನ್ ಇಲ್ಲ. ಟಚ್‌ಡೌನ್ ನೋಡುವವರ ಕಣ್ಣಿಗೆ ಅವನು ಅಷ್ಟಾಗಿ ಬೀಳಲಿಲ್ಲ. ಟಾರ್ಗೆಟ್ ನೋಡುವವರು ಅವತ್ತೇ ವೇವರ್ ಹಾಕಿದರು. ಎರಡನೇ ವಾರ 20 ಟಾರ್ಗೆಟ್, 15 ಕ್ಯಾಚ್. ವರ್ಷ ಮುಗಿದಾಗ 105 ಕ್ಯಾಚ್, 1,486 ಯಾರ್ಡ್, ಎರಡೂ ಆಗ ಹೊಸಬರ ದಾಖಲೆ.

ಹಾಗಾಗಿ ಮೊದಲ ವಾರದ ಟಾರ್ಗೆಟ್ ಪಟ್ಟಿ ನೋಡದೆ ಬಿಡಬೇಡಿ. ಭಾರತದಲ್ಲಿರುವವರಿಗೆ ಸಮಯ ಅನುಕೂಲವಾಗೇ ಇದೆ. ಭಾನುವಾರದ ಮೊದಲ ಪಂದ್ಯಗಳು ಸೆಪ್ಟೆಂಬರ್‌ನಲ್ಲಿ ನಮ್ಮ ರಾತ್ರಿ 10:30ಕ್ಕೆ ಶುರು, ಯಾರು ಆಡುವುದಿಲ್ಲ ಎನ್ನುವ ಪಟ್ಟಿ 90 ನಿಮಿಷ ಮುಂಚೆ, ಅಂದರೆ 9 ಗಂಟೆಗೆ ಬರುತ್ತದೆ. ನವೆಂಬರ್‌ನಲ್ಲಿ ಅಲ್ಲಿ ಗಡಿಯಾರ ಬದಲಾದ ಮೇಲೆ ಎಲ್ಲವೂ ಒಂದು ಗಂಟೆ ತಡ. ಸೋಮವಾರ ರಾತ್ರಿಯ ಪಂದ್ಯ ನಮಗೆ ಮಂಗಳವಾರ ಬೆಳಗ್ಗೆ ಮುಗಿಯುತ್ತದೆ. ಹೆಚ್ಚಿನ ಲೀಗ್‌ಗಳಲ್ಲಿ ವೇವರ್ ತೆರೆಯುವುದು ಅಮೆರಿಕದ ಬುಧವಾರ ಬೆಳಗಿನ ಜಾವ. ಅಂದರೆ ಮಂಗಳವಾರ ಇಡೀ ಹಗಲು ನಿಮ್ಮದು, ನಿಮ್ಮ ಎದುರಾಳಿಗಳು ಅಲ್ಲಿ ನಿದ್ದೆ ಮಾಡುತ್ತಿರುತ್ತಾರೆ.